ಪುಕ್ಕಟೆ ಕೀಲಿಕೈಗೆ ತೆರುವ ಬೆಲೆ

ರಜೆ ಬಂತೆಂದರೆ ಮಹಾನಗರದ ನಮ್ಮ ಮನೆಗಳಲ್ಲಿ ಮಕ್ಕಳು ಗಣಕಯಂತ್ರದ ಮುಂದೆ ಕೂರುವುದು ವಾಡಿಕೆ. ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕ್ ವ್ಯವಹಾರ, ತಾಯಿಯ ಕಚೇರಿಯ ಪತ್ರಗಳು, ಮನೆಮಂದಿಯ ಛಾಯಾಚಿತ್ರಗಳು ಎಲ್ಲವೂ ಇರುತ್ತವೆ. ಆದ್ದರಿಂದ ಆಟದ ವೇಷದಲ್ಲಿ ಒಳನುಗ್ಗುವ ಕುತಂತ್ರಾಂಶಗಳ ವಿಚಾರವನ್ನು ನಾವು ಹಿರಿಯರು ಅರಿತಿರುವುದು ಅಗತ್ಯ.

ಹಣ ಕೊಟ್ಟು ಕೊಳ್ಳಬೇಕಾದ ಆಟಕ್ಕೆ ಬೇಕಾದ ಸಂಕೇತಾಕ್ಷರಗಳನ್ನು ಪುಕ್ಕಟೆಯಾಗಿ ಸೃಷ್ಟಿಸಿಕೊಡುವೆನೆನ್ನುವ ತಂತ್ರಾಂಶಕ್ಕೆ ‘ಕೀಜೆನ್’ ಎಂದು ಹೆಸರು. ಅನೇಕ ವೇಳೆ ಅದು ಪಾಸ್‌ವರ್ಡ್ ಹಾಕಿದ ಜಿಪ್ ಕಡತವಾಗಿ ಬರುತ್ತದೆ. ಬೀಗ ಬಿದ್ದ ಗಂಟಿನೊಳಗೆ ಆಂಟಿವೈರಸ್ ಇಣುಕಲಾರದು. ಜೊತೆಗೆ, ಆಂಟಿವೈರಸ್ ಸುಳ್ಳು ಎಚ್ಚರಿಕೆ ನೀಡುವುದರಿಂದ ಅದನ್ನು ನಿಲ್ಲಿಸಿರೆಂಬ ಸೂಚನೆಯೂ ಇರುತ್ತದೆ. ಹೀಗೆ ಕಾವಲುಗಾರನನ್ನು ಮನೆಯವರ ಕೈಯಿಂದಲೇ ಹೊರದಬ್ಬಿಸಲಾಗುತ್ತದೆ.

2018ರಲ್ಲಿ ಕಾಣಿಸಿಕೊಂಡ ‘ಸ್ಟಾಪ್’ ಎಂಬ ರಾನ್ಸಮ್‌ವೇರ್ ಹೆಚ್ಚಾಗಿ ಈ ಹಾದಿಯಲ್ಲೇ ಹರಡಿ, ಜನಸಾಮಾನ್ಯರ ಕಡತಗಳನ್ನು ತೆರೆಯಲಾಗದಂತೆ ಮಾಡಿ ಹಣ ಕೇಳಿತು. ‘ಲುಮ್ಮಾ’ದಂಥವು ಸದ್ದೇ ಮಾಡುವುದಿಲ್ಲ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಕದ್ದು ಸಾಗಿಸುತ್ತವೆ. ಲಾಗಿನ್ ಆಗಿರುವ ಕುಕೀ ಕೈಸೇರಿದರೆ ಎಷ್ಟೋ ಖಾತೆಗಳಿಗೆ ಒಟಿಪಿಯ ಹಂಗಿಲ್ಲದೆಯೇ ಪ್ರವೇಶ ದೊರೆಯುತ್ತದೆ. 2025ರ ಮಾರ್ಚ್ 16ರಿಂದ ಮೇ 16ರ ನಡುವೆ 3,94,000ಕ್ಕೂ ಹೆಚ್ಚು ವಿಂಡೋಸ್ ಗಣಕಗಳಿಗೆ ಲುಮ್ಮಾ ತಗುಲಿದ್ದನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು.

ಕೀಜೆನ್ ಹಿತ್ತಲಿನಿಂದ ಬಂದರೆ, ಬ್ರೌಸರ್ ಎಕ್ಸ್‌ಟೆನ್ಷನ್ ಮುಂಬಾಗಿಲಿನಿಂದಲೇ ಬರಬಲ್ಲದು. 2020ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಅಧಿಕೃತ ಮಳಿಗೆಯಿಂದಲೇ ಇಂತಹ 500ಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಬೇಕಾಯಿತು. ಲಕ್ಷಾಂತರ ಜನರು ನಂಬಿದ್ದ ‘ದಿ ಗ್ರೇಟ್ ಸಸ್ಪೆಂಡರ್’ 2020ರಲ್ಲಿ ಬೇರೆಯವರ ಕೈಸೇರಿತು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಕುತಂತ್ರಾಂಶವಿದೆಯೆಂದು ಗೂಗಲ್ ಅದನ್ನು ನಿಷ್ಕ್ರಿಯಗೊಳಿಸಿತು. ಎಲ್ಲ ತಾಣಗಳ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿಯನ್ನು ಒಮ್ಮೆ ಕೊಟ್ಟರೆ, ಒಡೆಯ ಬದಲಾದರೂ ಆ ಅನುಮತಿ ಉಳಿದೇ ಇರುತ್ತದೆ. ಅಧಿಕೃತ ಮಳಿಗೆ ಎಂಬ ಒಂದೇ ಭರವಸೆ ಸಾಲದು.

ಆದರೆ ನಮ್ಮ ದೃಷ್ಟಿಯಲ್ಲಿ ಕಳ್ಳರಿಗೆ ದೊಡ್ಡ ಆಸರೆ ತಂತ್ರಜ್ಞಾನವಲ್ಲ, ಮನೆಯೊಳಗಿನ ಮೌನ. ಕಳ್ಳದಾರಿಯಲ್ಲಿ ಆಟ ತಂದ ಹುಡುಗ ಯಂತ್ರ ಕೆಟ್ಟಾಗ ಬೈಗುಳಕ್ಕೆ ಅಂಜಿ ಬಾಯಿಬಿಡುವುದಿಲ್ಲ. ಅವನು ಸುಮ್ಮನಿದ್ದ ಒಂದೊಂದು ದಿನವೂ ಕದ್ದವನಿಗೆ ದೊರೆತ ಕಾಲಾವಕಾಶ. ಆದ್ದರಿಂದ ಶಿಕ್ಷೆಗಿಂತ ಮೊದಲು ಮಗು ಧೈರ್ಯವಾಗಿ ಹೇಳಿಕೊಳ್ಳುವ ವಾತಾವರಣ ಬೇಕು.

ಮಕ್ಕಳಿಗೆ ಅಡ್ಮಿನ್ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ ಮಾಡಿಕೊಡೋಣ. ಬಳಸದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕೋಣ. ಸಂದೇಹ ಬಂದರೆ ಬೇರೊಂದು ಸುರಕ್ಷಿತ ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಆಗಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಯಂತ್ರ ಶುದ್ಧಿಗೆ ಉಚಿತ ಸಾಧನಗಳನ್ನು ಒದಗಿಸುತ್ತದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಮನೆಗಳಿಗೆ ಅನ್ವಯಿಸದಿರಲಿ.