ಕೋಟೆಯ ಒಳಗೊಬ್ಬ, ಹೊರಗೊಬ್ಬ

ಸೋಲಿಗೆ ಒಬ್ಬ ದ್ರೋಹಿಯನ್ನು ಹುಡುಕಿ ತೋರಿಸಿದರೆ ನಮ್ಮ ಅನೇಕ ಐತಿಹಾಸಿಕ ಕಾದಂಬರಿ, ನಾಟಕಗಳಿಗೆ ಸಮಾಧಾನ. ಒಳಗಿನವನು ಬಾಗಿಲು ತೆರೆದ, ಕೋಟೆ ಬಿತ್ತು. ಓದುಗನ ಅಭಿಮಾನಕ್ಕೂ ಧಕ್ಕೆಯಿಲ್ಲ. ಆದರೆ ದ್ರೋಹ ಬಗೆಯದ ಇಬ್ಬರು ಗೆಳೆಯರು ಎದುರು ಬದುರು ಪಾಳೆಯಗಳಲ್ಲಿ ನಿಲ್ಲಬೇಕಾಗಿ ಬಂದರೆ? ಅಂಥ ಕಥೆ ನಮಗೆ ಇಂದು ಹೆಚ್ಚು ಅಗತ್ಯ ಎಂಬುದು ನನ್ನ ವಾದ.

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ತಾಲ್ಲೂಕುಗಳು ಒಂದೇ ಜಿಲ್ಲೆಯಾಗಿ ಕೂಡಿದ್ದು 2007ರಲ್ಲಿ. ಹಿಂದೆ ಇವೆಲ್ಲ ಒಬ್ಬನೇ ದೊರೆಯ ನೆಲವಾಗಿರಲಿಲ್ಲ. 1630ರಲ್ಲಿ ಚನ್ನಪಟ್ಟಣವು ಜಗದೇವರಾಯನ ಮನೆತನದ ಕೈತಪ್ಪಿ ಮೈಸೂರಿಗೆ ಸೇರಿತು. ಮಾಗಡಿಯಾದರೋ ಕೆಂಪೇಗೌಡರ ವಂಶದವರ ಆಳ್ವಿಕೆಯಲ್ಲಿ ಉಳಿಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದ. ಆ ವಂಶದ ಕೊನೆಯ ಪ್ರಭು ಮುಮ್ಮಡಿ ಕೆಂಪವೀರಪ್ಪಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ.

ಎರಡೂ ಕಡೆಯ ಮಾತು ಕನ್ನಡ, ಊಟ ರಾಗಿ. ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರುವ ನಂಟುಗಳು ದೊರೆಗಳ ಗಡಿಗೆ ಕಟ್ಟುಬಿದ್ದಿರಲಾರವು. ದುರ್ಗದ ಮೇಲೆ ಕಾವಲಿದ್ದವನ ಗೆಳೆಯ ಕೆಳಗಿನ ಸೈನ್ಯದಲ್ಲಿದ್ದನೆಂದು ಕಲ್ಪಿಸಲು ಕಾದಂಬರಿಕಾರ ಶ್ರಮಪಡಬೇಕಿಲ್ಲ. ಶಾಸನ, ಬಖೈರುಗಳು ದಳವಾಯಿಯ ಹೆಸರನ್ನು ಉಳಿಸುತ್ತವೆ. ಈ ಇಬ್ಬರನ್ನು ಕಥೆಯೇ ಉಳಿಸಬೇಕು.

ಇದು ಕನ್ನಡಕ್ಕೆ ಹೊಸ ದಾರಿಯೇನಲ್ಲ. ಹತ್ತನೆಯ ಶತಮಾನದ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ 'ಗದಾಯುದ್ಧ' ಬರೆದ. ಆದರೂ ಭೀಮನ ವೈರಿ ದುರ್ಯೋಧನನು ರಣಭೂಮಿಯಲ್ಲಿ ಕರ್ಣನಿಗಾಗಿ ಮರುಗುವುದನ್ನೂ ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವುದನ್ನೂ ಮರೆಮಾಚಲಿಲ್ಲ. ಅಂದಿನ ಆಸ್ಥಾನಕವಿ ತೋರಿದ ಧೈರ್ಯವನ್ನು ಇಂದು ಪ್ರಜಾಪ್ರಭುತ್ವದ ಲೇಖಕ ತೋರಬಲ್ಲನೇ? ಒಬ್ಬೊಬ್ಬ ಅರಸನಿಗೂ ಒಂದೊಂದು ಜಾತಿ ವಾರಸುದಾರನಾಗಿ ನಿಂತಿರುವ ಕಾಲವಿದು. ಎದುರಾಳಿಗೆ ಒಂದು ಒಳ್ಳೆಯ ಮಾತು ಬರೆದರೂ ಅದು ಅವಮಾನವೆನಿಸಿಕೊಳ್ಳುತ್ತದೆ.

ಹೀಗೆ ಬರೆದರೆ ಆಕ್ರಮಣವನ್ನೇ ಸಮರ್ಥಿಸಿದಂತಾಗದೇ ಎಂದು ಕೆಲವರು ಕೇಳಬಹುದು. ಆಗದು. ಮುತ್ತಿಗೆಯ ಕ್ರೌರ್ಯ ಅಪರಿಚಿತನಿಗಿಂತ ಗೆಳೆಯನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಅದಕ್ಕೆ ಕೈಮುಗಿಯುವ ಮಾಗಡಿಯವರೇ ಮೈಸೂರಿನ ದಸರೆಗೂ ಹೋಗುತ್ತಾರೆ. ಎರಡೂ ಸರಿಯೇ. ಆದರೆ 1728ನ್ನು ಮರೆತು ಎರಡನ್ನೂ ಗೌರವಿಸುವುದು ಸುಲಭ. ನೆನಪಿಟ್ಟುಕೊಂಡೇ ಗೌರವಿಸುವುದನ್ನು ನಮಗೆ ಕಲಿಸಬಲ್ಲ ಕಾದಂಬರಿ ಬೇಕಾಗಿದೆ.