ಬಿಸಿಲಿನ ವಿದ್ಯುತ್ತೂ ಬಡವರ ಮಾಡೂ

ಸೂರ್ಯನ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವುದು ಧನಿಕರ ವಿನೋದವೆಂದು ಹೇಳಿ ಕೈಬಿಡುವ ಕಾಲವು ಕಳೆದುಹೋಯಿತು. 2010ರ ಸುಮಾರಿಗೆ ನಮ್ಮ ದೇಶದ ಏಲಂಗಳಲ್ಲಿ ಯೂನಿಟ್ಟೊಂದಕ್ಕೆ ಹತ್ತು ರೂಪಾಯಿಗೂ ಮೇಲ್ಪಟ್ಟಿದ್ದ ಇದರ ದರವು 2017ರಲ್ಲಿ ರಾಜಸ್ಥಾನದ ಭಾಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಇಳಿಯಿತು. ಪಾವಗಡದ ಬರಭೂಮಿಯಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರಸ್ಥಾವರವು ನಿಂತಿದೆ. ಗದಗದ ಕಪ್ಪತಗುಡ್ಡದಲ್ಲಿಯೂ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಗಾಳಿಯಂತ್ರಗಳು ತಿರುಗುತ್ತಿವೆ. ಇಷ್ಟಾದಾಗ್ಯೂ ಬೈಂದೂರಿನಿಂದ ಬ್ರಹ್ಮಾವರದ ವರೆಗಿನ ಸಾಮಾನ್ಯನ ಮಾಡಿಗೆ ಈ ಭಾಗ್ಯವು ಇನ್ನೂ ಸಲೀಸಾಗಿ ಏರಿಲ್ಲವೇಕೆ?

ನಾಲ್ಕು ತಿಂಗಳು ಮೋಡ ಮುಸುಕುವ ಈ ಸೀಮೆಯಲ್ಲಿ ಬಿಸಿಲೆಲ್ಲಿಯದೆಂದು ಕೆಲವರು ಆಕ್ಷೇಪಿಸುವರು. ಮಾತು ಸುಳ್ಳಲ್ಲ. ಆದರೆ ಆಷಾಢದಲ್ಲಿ ಮರವಂತೆಯ ಕಡಲನ್ನು ಕೆರಳಿಸುವ ಅದೇ ನೈಋತ್ಯದ ಗಾಳಿಯು ಬಯಲುಸೀಮೆಯ ಯಂತ್ರಗಳನ್ನು ಅತಿ ಹೆಚ್ಚಾಗಿ ತಿರುಗಿಸುವುದೂ ಆ ತಿಂಗಳುಗಳಲ್ಲಿಯೇ. ತಂತಿಯು ನಾಡಿಗೆಲ್ಲ ಒಂದೇ ಆಗಿರುವಾಗ ಬೇಸಗೆಯಲ್ಲಿ ನಾವು ಕೊಟ್ಟುದನ್ನು ಮಳೆಗಾಲದಲ್ಲಿ ಅವರು ನಮಗೆ ತೀರಿಸುವರು. ಇನ್ನು ಹೊಸಂಗಡಿಯ ಬಳಿ ನೆಲದೊಳಗೆ 460 ಮೆಗಾವಾಟಿನ ವಾರಾಹಿ ವಿದ್ಯುದಾಗಾರವಿದೆ. ಹಗಲಿನ ಕೆಲಸವನ್ನು ಬಿಸಿಲು ನೋಡಿಕೊಂಡರೆ ಮಾಣಿ ಜಲಾಶಯದ ನೀರು ಸಂಜೆಯ ದೀಪಕ್ಕೆ ಉಳಿಯುವುದು.

ನಿಜವಾದ ತೊಡಕು ಬಿಸಿಲಿನದಲ್ಲ, ಮುಂಗಡ ಹಣದ್ದು. ಇದನ್ನು ಮೊದಲು ಮನಗಂಡವರಲ್ಲಿ ಒಬ್ಬರು ಹಂದಟ್ಟಿನ ಮೂಲದವರಾದ ಹರೀಶ್ ಹಂದೆಯವರು. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದ ಇವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ತಿಂಗಳಿಗೆ ಮುನ್ನೂರು ರೂಪಾಯಿ ತನಗೆ ಭಾರ, ದಿನಕ್ಕೆ ಹತ್ತಾದರೆ ಕೊಡಬಲ್ಲೆನೆಂದು ಬೀದಿಬದಿಯ ವ್ಯಾಪಾರಿಯೊಬ್ಬಳು ಹೇಳಿದುದನ್ನು ಅವರು ಪದೇ ಪದೇ ಸ್ಮರಿಸಿರುವರು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮನೆಬಾಗಿಲಲ್ಲಿ ಪಿಗ್ಮಿ ಹಣವನ್ನೆತ್ತಿ ಬೆಳೆದುದೂ ಇದೇ ತತ್ತ್ವದಿಂದ. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು; ಆ ಬುದ್ಧಿಯೂ ಅದರೊಡನೆ ಲೀನವಾಗದಿರಲಿ.

ಈಗ ಸರಕಾರಗಳ ನಡತೆಯನ್ನು ನೋಡೋಣ. ಕೇಂದ್ರ ಸರಕಾರದವರು 2024ರ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000, ಮೂರಕ್ಕೆ 78,000 ರೂಪಾಯಿ ಸಹಾಯಧನವನ್ನು ಘೋಷಿಸಿದರು. ರಾಜ್ಯ ಸರಕಾರದವರು 2023ರಿಂದ ಗೃಹಜ್ಯೋತಿಯ ಮೂಲಕ 200 ಯೂನಿಟ್ಟಿನೊಳಗಣ ಬಳಕೆಯನ್ನು ಉಚಿತವಾಗಿ ಕೊಟ್ಟರು. ಬಿಲ್ಲೇ ಬಾರದ ಮನೆಯವನು ಸಾಲ ಮಾಡಿ ಫಲಕವನ್ನೇಕೆ ಕೊಂಡಾನು? ಬಡವರ ಮನೆಯ ದೀಪವನ್ನು ನಾವು ಕಿಂಚಿತ್ತೂ ಕರುಬುವುದಿಲ್ಲ. ಆದರೆ ಒಂದು ಕಿಲೋವಾಟಿನ ಫಲಕವು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುವುದು. ಎರಡು ಕಿಲೋವಾಟಿದ್ದರೆ ಆ 200 ಯೂನಿಟ್ಟೂ ಸರಿಹೋದೀತು. ವರ್ಷ ವರ್ಷವೂ ಬಿಲ್ಲನ್ನು ತೆರುವ ಬದಲು ಆ ಹಣದ ಒಂದು ಪಾಲಿನಿಂದ ಫಲಾನುಭವಿಯ ಮಾಡಿನ ಮೇಲೆಯೇ ಫಲಕವನ್ನು ಕೂರಿಸಬಾರದೇಕೆ? ಹಾಗಾದರೆ ಮುಂದಿನ ಮಂತ್ರಿಮಂಡಲವು ಕಸಿದುಕೊಳ್ಳಲಾಗದ ಸ್ವತ್ತು ಬಡವನದಾಗುವುದು.

ಹಂಚಿನ ಮಾಡು, ಉಪ್ಪುಗಾಳಿ, ಪಾಚಿ ಇವು ಬಯಲುಸೀಮೆಯ ಯೋಜನಾಕಾರರಿಗೆ ತಿಳಿಯವು. ನಮ್ಮ ಮುದ್ರಣಾಲಯದ ಮಾಡಿನ ಮೇಲೆ ಕೂರಿಸಿದ ಫಲಕಗಳ ಕಬ್ಬಿಣದ ಚೌಕಟ್ಟು ಎರಡನೆಯ ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಕೂರಿಸಿದವರಿಗೆ ಮೂರು ಪತ್ರ ಬರೆದೆವು, ಉತ್ತರವಿಲ್ಲ. ಕಡೆಗೆ ಊರಿನ ಕಮ್ಮಾರನೇ ಸರಿಪಡಿಸಿದನು. ಆದುದರಿಂದ ಗಂಗೊಳ್ಳಿಯ ಮಂಜುಗಡ್ಡೆಯ ಕಾರ್ಖಾನೆಗಳು, ಅಕ್ಕಿಗಿರಣಿಗಳು, ಸಹಕಾರಿ ಸಂಘಗಳ ಉಗ್ರಾಣಗಳು ಈ ಮೂರು ಬಗೆಯ ವಿಶಾಲವಾದ ಮಾಡುಗಳಿಂದ ಆರಂಭಿಸಿ, ದುರಸ್ತಿಯನ್ನು ಊರಿನ ತರುಣರಿಗೆ ಕಲಿಸುವುದೇ ಲೇಸು. ತಾಲೂಕಿಗೆ ಹತ್ತು ಮಂದಿಯಂತೆ ಮೊದಲ ತಂಡದ ಶಿಕ್ಷಣದ ವೆಚ್ಚವನ್ನು ಸಹಕಾರಿ ಸಂಘಗಳು ವಹಿಸಿಕೊಳ್ಳಲಿ. ಮೆಸ್ಕಾಂನವರು ಮೀಟರಿನ ಅರ್ಜಿಗಳನ್ನು ಮುಂದಿನ ಮಳೆಗೆ ಮುಂಚೆ ಇತ್ಯರ್ಥಗೊಳಿಸಲಿ.