ಒಂದು ಗೇಣು ನೆಲ

ಕೆಂಕೆರೆಯ ಸುತ್ತಲಿನ ತೆಂಗಿನ ತೋಟಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಬದುವಿನ ಮೇಲೆ. ಬಾಂದು ಕಲ್ಲು ಒಂದು ಗೇಣು ಸರಿದರೆ ಸಾಕು, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಪ್ರವಾದಿ(ಸ)ರು ಎಚ್ಚರಿಸಿದ್ದೂ ಈ ಗೇಣಿನ ಕುರಿತೇ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳನ್ನು ಸುತ್ತಲಾಗುವುದೆಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಗೇಣಿಗೇ ಹೀಗಾದರೆ ಬೆಟ್ಟಗಳನ್ನೇ ಕರಗಿಸಿದವರ ಗತಿ ಏನು?

ಗಾಲಿ ಜನಾರ್ದನ ರೆಡ್ಡಿಯವರ ಏಳುಬೀಳನ್ನು ಈ ಹದೀಸ್ ಇಲ್ಲದೆ ಓದಲು ನನ್ನಿಂದಾಗುವುದಿಲ್ಲ. ಬಳ್ಳಾರಿಯ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ 2008ರಲ್ಲಿ ಸಚಿವರಾದರು. ಸರಕಾರಗಳನ್ನು ಕಟ್ಟುವ, ಅಲುಗಾಡಿಸುವ ಶಕ್ತಿ ಅವರ ಕೈಯಲ್ಲಿದೆಯೆಂದು ನಾಡೇ ನಂಬಿದ್ದ ಕಾಲವದು. ಓಬಳಾಪುರಂ ಗಣಿಗಾರಿಕೆಯಲ್ಲಿ ಕರ್ನಾಟಕ–ಆಂಧ್ರ ಗಡಿಯ ಗುರುತುಗಳೇ ಅಳಿಸಿಹೋದವೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಮ್ಮೂರಿನ ಬಾಂದು ಕಲ್ಲಿನ ಜಗಳವೇ ಎರಡು ರಾಜ್ಯಗಳ ನಡುವೆ! 2011ರ ಸೆಪ್ಟೆಂಬರ್ 5ರಂದು ಸಿಬಿಐ ಅವರನ್ನು ಬಂಧಿಸಿತು. 2025ರ ಮೇ 6ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಅವರನ್ನು ದೋಷಿಯೆಂದು ಘೋಷಿಸಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಸರಕಾರಕ್ಕಾದ ನಷ್ಟ ಸುಮಾರು 884 ಕೋಟಿ ರೂಪಾಯಿ ಎಂಬುದು ಸಿಬಿಐ ಲೆಕ್ಕ. ಅವರು ಗಂಗಾವತಿಯ ಶಾಸಕ ಸ್ಥಾನದಿಂದ ಅನರ್ಹಗೊಂಡರು.

ಒಂದು ಜನರ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಅಲ್ ಮಾಇದಃ ಅಧ್ಯಾಯದ 8ನೆಯ ಸೂಕ್ತದ ಆದೇಶ. ಆದ್ದರಿಂದ ಇದನ್ನೂ ಹೇಳಬೇಕು: ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿರಿಸಿ ಜಾಮೀನು ನೀಡಿತು. ಅಂತಿಮ ಮಾತು ಮೇಲಿನ ನ್ಯಾಯಾಲಯದ್ದು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು 2012ರ ಘಟನೆ. ಅವರಿಗೆ ಜಾಮೀನು ನೀಡಲು ಹಣ ಪಡೆದರೆಂಬ ಆರೋಪದ ಮೇಲೆ ನ್ಯಾಯಾಧೀಶರೇ ಅಮಾನತುಗೊಂಡು ಬಂಧನಕ್ಕೊಳಗಾದರು. ಅದು ಆರೋಪ ಮಾತ್ರ, ನಿಜ. ಆದರೂ ಅಲ್ ಬಕರಃ ಅಧ್ಯಾಯದ 188ನೆಯ ಸೂಕ್ತ ನೆನಪಾಗದಿರದು. ಪರರ ಸೊತ್ತನ್ನು ಅಕ್ರಮವಾಗಿ ತಿನ್ನುವುದು, ಅದಕ್ಕಾಗಿ ಅಧಿಕಾರಸ್ಥರ ಮುಂದೆ ಹಣ ಒಡ್ಡುವುದು, ಈ ಎರಡನ್ನೂ ಅಲ್ಲಾಹನು ಒಂದೇ ಉಸಿರಿನಲ್ಲಿ ನಿಷೇಧಿಸಿದ್ದಾನೆ.

ಬಳ್ಳಾರಿ ನಮಗೆ ದೂರವೆಂದು ಸುಮ್ಮನಿರಲಾಗದು. ನಮ್ಮ ಚಿಕ್ಕನಾಯಕನಹಳ್ಳಿ ತಾಲೂಕಿನ ಬೆಟ್ಟಗಳಲ್ಲೂ ಅದಿರಿದೆ. ಕೆಂಪು ಧೂಳು ಹೊದ್ದ ತೆಂಗಿನ ಗರಿಗಳನ್ನು ಈ ಸೀಮೆ ಕಂಡಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು.

ಇಷ್ಟೆಲ್ಲ ತಿಳಿದೂ 2023ರಲ್ಲಿ ಮತದಾರರು ಅವರನ್ನು ಗೆಲ್ಲಿಸಿದರು. ಗಂಗಾವತಿಯವರನ್ನು ದೂರುವ ಮೊದಲು ನಾವು ನಮ್ಮ ಕಡೆ ನೋಡಿಕೊಳ್ಳೋಣ. ಇಬ್ನುಲ್ಲುತ್ಬಿಯ್ಯ ಎಂಬ ಝಕಾತ್ ವಸೂಲಿಗಾರ ಮದೀನಕ್ಕೆ ಮರಳಿ, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿ(ಸ)ರು ಮಿಂಬರ್ ಏರಿ, ಅವನು ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದ್ದರು. ಈ ಪ್ರಶ್ನೆ ಪಡೆಯುವ ಅಧಿಕಾರಿಗಷ್ಟೇ ಅಲ್ಲ, ಪಡೆಯುವ ಮತದಾರನಿಗೂ ಸಲ್ಲುತ್ತದೆ. ಮತಪತ್ರವೂ ಒಂದು ಅಮಾನತ್. ಚುನಾವಣೆ ಬಂತೆಂದರೆ ಮಸೀದಿಯ ಮಿನಾರಿಗೆ ಬಣ್ಣ, ಇಫ್ತಾರಿಗೆ ಖರ್ಜೂರ, ಶಾದಿಮಹಲಿಗೆ ಸಿಮೆಂಟು ಕೊಡುವವರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಅಂಥವರ ಕೊರಳಿಗೆ ಹಾರ ಹಾಕಿದ ಜಮಾಅತ್ ಒಂದನ್ನು ನಾನೇ ಕಂಡಿದ್ದೇನೆ. ಹಣದ ಮೂಲವನ್ನು ಯಾರೂ ಕೇಳಲಿಲ್ಲ. ಅಲ್ಲಿದ್ದ ನಾನೂ ಕೇಳಲಿಲ್ಲ.

ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನಲ್ಲದೆ ಸ್ವೀಕರಿಸನು ಎಂಬ ಹದೀಸನ್ನು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಮುಂದಿನ ಚುನಾವಣೆಗೆ ಇನ್ನೂ ಸಮಯವಿದೆ. ಅಭ್ಯರ್ಥಿಗಳಿಂದ ಒಂದು ಚೀಲ ಸಿಮೆಂಟನ್ನೂ ಪಡೆಯುವುದಿಲ್ಲವೆಂದು ಪ್ರತಿಯೊಂದು ಜಮಾಅತಿನ ಮುತವಲ್ಲಿಗಳು ಈಗಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.